ಊಟಕ್ಕೆ ಕರೆಯುವ ರಾಯಭಾರಿ
ಹಾಲ್ಡೇನ್ ಎಂಬ ಹೊಸ ರಾಯಭಾರಿಯ ಸುದ್ದಿಯನ್ನು ನಾನು ಮೊದಲು ಕೇಳಿದ್ದು ನಮ್ಮ ರಾಜಧಾನಿ ಸಾಂತಿಯಾಗೊದ ಮಾರುಕಟ್ಟೆಯಲ್ಲಿ, ಅವರ ಮನೆಗೆ ಅಡುಗೆಯವಳಾಗಿ ಸೇರುವ ಹಿಂದಿನ ದಿನ. "ಎರ್ಮಿನಿಯಾ, ನಿನ್ ಯಜಮಾನ ಜಗಳ ಆಡೋರನ್ನೆಲ್ಲ ಊಟಕ್ಕೆ ಕರೀತಾನಂತೆ, ನಿನ್ ಕೈ ಬಿದ್ದುಹೋಗತ್ತೆ ಬಿಡು" ಎಂದು ಮೀನಿನವಳು ನಕ್ಕಿದ್ದಳು. ಒಟ್ಟಿಗೆ ಕೂತು ಎಂಪನಾದ ಎಂಬ ಮಾಂಸದ ಕಡುಬು ತಿಂದವರು ಒಬ್ಬರನ್ನೊಬ್ಬರು ಕೊಲ್ಲುವುದಿಲ್ಲ ಎಂಬುದೇ ಯಜಮಾನರ ಇಡೀ ರಾಜಕೀಯ. ಗಣಿ ಕಾರ್ಮಿಕರ ಮುಖಂಡನ ಪಕ್ಕದಲ್ಲಿ ನಮ್ಮ ಸೈನ್ಯದ ಕರ್ನಲ್‌ನನ್ನು ಕೂರಿಸಿ, ಇಬ್ಬರಿಗೂ ತಾವೇ ಬಡಿಸುತ್ತಿದ್ದರು. ಬೆಕ್ಕು ಕಾಲಿಗೆ ಸಿಕ್ಕರೂ ಅದರ ಕ್ಷಮೆ ಕೇಳುತ್ತಿದ್ದರು. ಅವರದೇ ಕಚೇರಿಯ ಗುಪ್ತಚರ ಅಧಿಕಾರಿ ಕ್ರಾಸ್ಬಿ ಮಾತ್ರ ಏನನ್ನೂ ತಿನ್ನದೆ, ಬಂದವರ ಹೆಸರು ಬರೆದುಕೊಳ್ಳುತ್ತಿದ್ದ. "ಅವ್ರು ನನ್ನ ಅತಿಥಿಗಳು ಕಣಯ್ಯಾ" ಎಂದು ಯಜಮಾನರು ಗದರಿದರೆ, "ಊಟ ನಿಮ್ದು, ಪಟ್ಟಿ ನಮ್ದು ಸಾರ್" ಎನ್ನುತ್ತಿದ್ದ. ಅವರು ತಮ್ಮ ದೇಶಕ್ಕೆ ದೂರಿನ ಮೇಲೆ ದೂರು ಬರೆದರು. ಉತ್ತರ ಬರಲಿಲ್ಲ, ಕ್ರಾಸ್ಬಿಗೆ ಬಡ್ತಿ ಬಂತು. ಪಟ್ಟಿ ಕರ್ನಲ್‌ನ ಕೈ ಸೇರಿದೆ ಎಂದು ತಿಳಿದ ಮೇಲೆ ಅವರು ಅಡುಗೆಮನೆಯಲ್ಲೇ ನಿಂತು ಒಬ್ಬರೇ ಉಣ್ಣತೊಡಗಿದರು. ಸೈನ್ಯ ದಂಗೆಯೆದ್ದು ಬೀದಿಗಿಳಿದ ಬೆಳಿಗ್ಗೆ ಒಬ್ಬೊಬ್ಬ ಅತಿಥಿಯ ಮನೆಗೂ ಫೋನ್ ಮಾಡಿದರು. ಎಲ್ಲೂ ಯಾರೂ ಎತ್ತಲಿಲ್ಲ. ವಾರದೊಳಗೆ ಯಜಮಾನರನ್ನು ಅವರ ದೇಶ ವಾಪಸು ಕರೆಸಿಕೊಂಡಿತು. ಹೊರಡುವಾಗ ಕಾರಿನಿಂದ ಇಳಿದು, ನನ್ನ ಎರಡೂ ಕೈ ಹಿಡಿದುಕೊಂಡು, ಅಮ್ಮಾವ್ರೇ ಎನ್ನುವಂತೆ ದೋನ್ಯಾ ಎಂದು ಕರೆದರು. "ದೋನ್ಯಾ ಎರ್ಮಿನಿಯಾ, ನನ್ನ ಅತಿಥಿಗಳ ಹೆಂಡತಿಯರು ಗಂಡಂದಿರನ್ನ ಹುಡುಕ್ಕೊಂಡು ಇಲ್ಲಿಗೆ ಬರ್ತಾರೆ. ಊಟಕ್ಕೆ ಕರೆದಿದ್ದು ನಾನು ಅಂತ ದಯವಿಟ್ಟು ಹೇಳ್ಬೇಡಿ."