ಬ್ರೇಕಕ್ಕ ಕಾಲೆತ್ತಿದ್ದು

ಆ ಬಡಾವಣೆಯ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವಳು ಅವಳೇ. ಇದ್ದದ್ದು ಒಂದೇ ಕಾರು, ನೆತ್ತಿಯ ಮೇಲೆ ಕೆಂಪಕ್ಷರದ ‘ಎಲ್’ ಹಲಗೆ. ಕಲಿಯುವವರ ಪಕ್ಕದ ಸೀಟಿನಲ್ಲಿ ಅವಳು ಕೂರುತ್ತಿದ್ದಳು. ಅವಳ ಕಾಲಿನ ಬುಡದಲ್ಲಿ ಅವಳದೇ ಆದ ಎರಡನೆಯ ಬ್ರೇಕು. ಕಲಿಯುವವರು ಕಂಗಾಲಾಗುವ ಮೊದಲೇ ಅವಳ ಕಾಲು ಅಲ್ಲಿರುತ್ತಿತ್ತು. ಹಾಗಾಗಿ ಎಲ್ಲರಿಗೂ ಅವಳು ಬ್ರೇಕಕ್ಕ. ಬೈಗುಳಕ್ಕೂ ಅಷ್ಟೇ ಹೆಸರುವಾಸಿ. “ಸ್ಟೀರಿಂಗ್ ಹಿಡ್ದಿದ್ದೀಯೋ, ಎಮ್ಮೆ ಕೊಂಬು ಹಿಡ್ದಿದ್ದೀಯೋ?” ಅನ್ನಿಸಿಕೊಳ್ಳದೆ ಅವಳ ಕೈಕೆಳಗೆ ಲೈಸೆನ್ಸ್ ಪಡೆದವರು ಯಾರೂ ಇಲ್ಲ.

ಒಂದು ಬೆಳಿಗ್ಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಗಾಡಿ ಓಡಿಸುತ್ತಿದ್ದಳು. ಮಾರ್ಕೆಟ್ ತಿರುವಿನಲ್ಲಿ ನಿಂತಿದ್ದ ವ್ಯಾನಿನ ಮರೆಯಿಂದ ವಯಸ್ಸಾದ ಗಂಡಸೊಬ್ಬ ಕೈಚೀಲ ಹಿಡಿದು ಸೀದಾ ರಸ್ತೆಗಿಳಿದ. ಹುಡುಗಿ ಕಲ್ಲಾಗಿ ಕುಳಿತಳು. ಬ್ರೇಕಕ್ಕ ಒತ್ತಿದಳು. ಗಾಡಿ ನಿಂತಾಗ ಬಂಪರು ಚೀಲಕ್ಕೆ ತಾಗಿತ್ತು. ಕಿತ್ತಳೆ ಹಣ್ಣುಗಳು ರಸ್ತೆ ತುಂಬ ಉರುಳಿದವು. ಮುದುಕ ಧೊಪ್ಪನೆ ಕುಳಿತ, ಎದ್ದ, ಇಬ್ಬರಿಗೂ ಬಾಯಿಗೆ ಬಂದಂತೆ ಬೈದ, ಹಣ್ಣು ಆರಿಸಿಕೊಂಡು ನಡೆದುಹೋದ. ಬ್ರೇಕಕ್ಕ ಹುಡುಗಿಗೆ ನೀರು ಕುಡಿಸಿ, ಮನೆಗೆ ಬಿಟ್ಟು, ಮುಂದಿನ ಪಾಠಕ್ಕೆ ಹೊರಟಳು.

ಸಂಜೆ ಗಂಡನಿಗೆ ಹೇಳಿದಳು. ಶಾಲೆಯೊಂದರ ಪ್ರಯೋಗಾಲಯದಲ್ಲಿ ಗಾಜಿನ ನಳಿಕೆ ತೊಳೆದಿಡುವ ಕೆಲಸ ಅವನದು, ಮೆದು ಮಾತಿನವನು. “ಸದ್ಯ, ಏನೂ ಆಗ್ಲಿಲ್ವಲ್ಲ,” ಅಂದ. ಅವಳ ತಾಯಿಯೂ ಅದನ್ನೇ ಅಂದರು. ಅವಳೂ ಹಾಗೇ ಅಂದುಕೊಂಡಳು.

ಆದರೆ ಅವಳ ಕಾಲು ಮಾತ್ರ ಒಪ್ಪಲಿಲ್ಲ. ದೂರದಲ್ಲೊಂದು ನಾಯಿ ಕಂಡರೆ ಒತ್ತುತ್ತಿತ್ತು. ನಿಂತ ಬಸ್ಸು ಕಂಡರೂ ಒತ್ತುತ್ತಿತ್ತು. “ಅಕ್ಕ, ನಾನು ಮುಂದೆ ಹೋಗ್ಲೋ ಬೇಡ್ವೋ?” ಎಂದು ಕಲಿಯುವವರು ಗೋಗರೆಯುತ್ತಿದ್ದರು. ಊಟದ ಮೇಜಿನ ಕೆಳಗೂ ಕಾಲು ಸುಮ್ಮನಿರದೆ, ಗಂಡನ ಪಾದ ತುಳಿಸಿಕೊಂಡು ತುಳಿಸಿಕೊಂಡು ಸೋತಿತ್ತು. ಎದೆ ಬಿಗಿಯುತ್ತಿತ್ತು, ಅಂಗೈ ಬೆವರುತ್ತಿತ್ತು. ಮಾರ್ಕೆಟ್ ತಿರುವನ್ನು ಅವಳು ಬಿಟ್ಟೇಬಿಟ್ಟಳು. ಹೃದಯವೇ ಕೆಟ್ಟಿತೇನೋ ಎಂದು ಡಾಕ್ಟರ ಬಳಿ ಓಡಿದರೆ, ಎಲ್ಲ ಪರೀಕ್ಷೆ ಮಾಡಿ ಅವರು, “ಹೃದಯ ಗಟ್ಟಿಮುಟ್ಟಾಗಿದೆ. ಒಬ್ಬ ಥೆರಪಿಸ್ಟನ್ನ ನೋಡಿ,” ಅಂದರು. ಅವಳಿಗೆ ಸಿಟ್ಟು ನೆತ್ತಿಗೇರಿತು. ನೋಡಲಿಲ್ಲ.

ಅವಳ ಮನಸ್ಸು ಬದಲಿಸಿದ್ದು ಒಬ್ಬ ದರ್ಜಿ. ಅವಳ ಬಳಿಯೇ ಕಲಿತು ಪರೀಕ್ಷೆಗೆ ಹೋದ ಅವನು, ಸಂದಿಯಿಂದ ಮುಖ್ಯರಸ್ತೆಗೆ ಗಾಡಿ ತಿರುಗಿಸಲಾಗದೆ ಅಲ್ಲೇ ನಿಂತು ಫೇಲಾಗಿ ಬಂದ. “ನಿಮ್ಮ ಮೇಲೆ ಬೇಜಾರಿಲ್ಲ ಅಕ್ಕ,” ಅಂದ. “ಆದ್ರೆ ನಾನು ಒಂದಿನಾನೂ ಗಾಡಿ ಓಡಿಸ್ಲೇ ಇಲ್ಲ. ನೀವೇ ನಿಲ್ಲಿಸ್ತಾ ಇದ್ರಿ.”

ಅಂದೇ ಅವಳು ಮನೆಯಲ್ಲಿ ಹೇಳಿಬಿಟ್ಟಳು, “ನಾನು ಥೆರಪಿಗೆ ಹೋಗ್ತೀನಿ.”

“ಅಯ್ಯೋ, ನಮ್ಮ ವಂಶದಲ್ಲೇ ಯಾರಿಗೂ ತಲೆ ಕೆಟ್ಟಿಲ್ಲ ಕಣೇ!” ಎಂದರು ತಾಯಿ.

“ಕೆಟ್ಟಿತ್ತು ಅತ್ತೆ, ಯಾರೂ ಒಪ್ಕೊಂಡಿರ್ಲಿಲ್ಲ ಅಷ್ಟೇ,” ಎಂದ ಗಂಡ.

ವಿಚಾರಿಸಿ, ಹತ್ತಿರದ ಥೆರಪಿಸ್ಟೊಬ್ಬರ ಸಮಯ ಗೊತ್ತುಮಾಡಿಕೊಂಡಳು. ಬಾಗಿಲು ತೆರೆದ ಹೆಂಗಸು ಅವಳನ್ನು ನೋಡಿ ನಕ್ಕೇಬಿಟ್ಟರು. “ನನಗೆ ಕಾರು ಕಲಿಸಿದ್ದು ನೀವೇ. ಎಮ್ಮೆ ಕೊಂಬು ನೆನಪಿದೆ.” ಒಳಗೆ ಕೂರಿಸಿ, ನೀರು ಕೊಟ್ಟು, ಆಮೇಲೆ ಗಂಭೀರವಾಗಿ ಹೇಳಿದರು, “ನಾವಿಬ್ರೂ ಮೊದಲೇ ಪರಿಚಯದವರು. ನನ್ನೆದುರು ನೀವು ಗುರುವಾಗೇ ಉಳೀತೀರಿ, ಅಳೋಕೆ ಆಗಲ್ಲ. ನಾನು ನಿಮ್ಮನ್ನ ತಗೊಳ್ಳೋದು ಸರಿಯಲ್ಲ. ಒಳ್ಳೆಯವರೊಬ್ಬರ ನಂಬರ್ ಕೊಡ್ತೀನಿ.”

ಇಷ್ಟು ಧೈರ್ಯ ಕೂಡಿಸಿಕೊಂಡು ಬಂದದ್ದು ನೀರಲ್ಲಿ ಹೋಮವಾಯಿತಲ್ಲ ಎಂದು ಬ್ರೇಕಕ್ಕನಿಗೆ ಅಳು ಬರುವಂತಾಯಿತು. ಆದರೂ ಮೆಟ್ಟಿಲಿಳಿಯುವ ಮೊದಲೇ ಆ ನಂಬರಿಗೆ ಫೋನ್ ಮಾಡಿದಳು. ಮನೆಗೆ ಹೋದರೆ ಮಾಡಲಾರೆನೆಂದು ಅವಳಿಗೆ ಗೊತ್ತಿತ್ತು.

ಎರಡನೆಯವರು ನಡುವಯಸ್ಸು ದಾಟಿದ ಗಂಡಸು. ಹಲ್ಲಿನ ಆಸ್ಪತ್ರೆಯೊಂದರ ಹಿಂದಿನ ಕೋಣೆ. ಗೋಡೆಯಾಚೆ ಆಗಾಗ ಹಲ್ಲು ಕೊರೆಯುವ ಯಂತ್ರದ ಸದ್ದು. ಮಲಗಲು ಮಂಚವಿರಬಹುದು, ಗುಳಿಗೆ ಕೊಡಬಹುದು, ಕಣ್ಣು ನೋಡಿಯೇ ಮನಸ್ಸು ಓದಬಹುದು ಎಂದೆಲ್ಲ ಎಣಿಸಿದ್ದಳು. ಅಲ್ಲಿದ್ದದ್ದು ಎರಡು ಕುರ್ಚಿ, ಒಂದು ಕಿಟಕಿ.

“ಗುಳಿಗೆ ನಾನು ಕೊಡಲ್ಲ, ಅದಕ್ಕೆ ಬೇರೆ ಡಾಕ್ಟರು. ಬೇಕು ಅನ್ನಿಸಿದ್ರೆ ಹೇಳ್ತೀನಿ,” ಎಂದು ಅವರು ಶುರುಮಾಡಿದರು. “ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತೆ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಅನ್ನಿಸಿದಾಗ ಮಾತ್ರ ಬೇರೆಯವರಿಗೆ ತಿಳಿಸಬೇಕಾಗುತ್ತೆ, ಸಾಧ್ಯವಾದ್ರೆ ನಿಮಗೆ ಮೊದಲು ಹೇಳಿದ ಮೇಲೇ. ಹೇಳೋಕೆ ಇಷ್ಟ ಇಲ್ಲದ್ದನ್ನ ಹೇಳಬೇಡಿ.”

“ಒಂದೇ ಕಡೆ ಇರೋರು ನಾವು. ದಾರೀಲಿ ಸಿಕ್ರೆ?”

“ನೀವು ಮಾತಾಡಿಸಿದ್ರೆ ಮಾತಾಡ್ತೀನಿ. ಇಲ್ಲಾಂದ್ರೆ ನೀವು ಯಾರೋ, ನಾನು ಯಾರೋ.”

ಆಮೇಲೆ ನಿದ್ದೆ, ಊಟ, ಮನೆಯವರು, ಹಳೆಯ ಕಾಯಿಲೆ, ಎಲ್ಲ ಕೇಳಿದರು. “ಇಲ್ಲಿಂದ ನಿಮಗೇನು ಬೇಕು?” ಎಂದೂ ಕೇಳಿದರು. ಡಾಕ್ಟರುಗಳು ಯಾರೂ ಕೇಳದಿದ್ದ ಪ್ರಶ್ನೆ. “ದರ್ಜಿ ಪಾಸಾಗಬೇಕು,” ಅಂದಳು ಬ್ರೇಕಕ್ಕ. ಅವರು ನಗಲಿಲ್ಲ, ಬರೆದುಕೊಂಡರು.

ವಾರಕ್ಕೊಮ್ಮೆ ಹೋಗತೊಡಗಿದಳು. ಮೊದಮೊದಲು ಏನೂ ಆದಂತೆ ಕಾಣಲಿಲ್ಲ. ಒಮ್ಮೆ ರೇಗಿಯೇಬಿಟ್ಟಳು, “ನಾನು ಮಾತಾಡೋದು, ನೀವು ತಲೆ ಆಡಿಸೋದು! ಇದೇನು ಚಿಕಿತ್ಸೆ ಸ್ವಾಮಿ?” ಅವರು ಮುಖ ಸಿಂಡರಿಸಲಿಲ್ಲ. “ಹೇಳಿದ್ದು ಒಳ್ಳೇದಾಯ್ತು. ನಾನೆಲ್ಲಿ ಸುಮ್ಮನಿದ್ದದ್ದು ನಿಮಗೆ ಕಷ್ಟ ಆಯ್ತು?” ಎಂದರು. ಅಷ್ಟು ದಿನ ಎಲ್ಲರನ್ನೂ ಬೈದಿದ್ದವಳಿಗೆ, ಬೈಸಿಕೊಂಡವರು ಹೀಗೆ ಕುರ್ಚಿ ಹತ್ತಿರ ಎಳೆದುಕೊಂಡು ಕೇಳಿದ್ದು ಅದೇ ಮೊದಲು.

ಅವತ್ತೇ ಅವರು ಮಾರ್ಕೆಟ್ ತಿರುವಿನ ಆ ಬೆಳಿಗ್ಗೆಯ ಮಾತೆತ್ತಿದರು. “ಏನಾಯ್ತು ಅಂತ ಬೇಡ. ನೀವೇನು ಕಂಡ್ರಿ, ಅದನ್ನ ಹೇಳಿ.”

“ಆ ಯಜಮಾನ್ರು ಸತ್ತದ್ದು ಕಂಡೆ,” ಅಂದಳು ಬ್ರೇಕಕ್ಕ. “ಬ್ರೇಕ್ ಹಿಡಿಯೋಕೆ ಮುಂಚೆ ಒಂದು ಕ್ಷಣ. ಚಕ್ರದ ಕೆಳಗೆ. ಸ್ಪಷ್ಟವಾಗಿ ಕಂಡೆ. ಆಮೇಲೆ ಅವರು ಎದ್ದು ಬೈದ್ರು. ಎಲ್ರೂ ಏನೂ ಆಗ್ಲಿಲ್ಲ ಅಂದ್ರು. ನನಗೆ ಆಗಿತ್ತು.”

ಅದನ್ನು ಅವಳು ತನಗೂ ಹೇಳಿಕೊಂಡಿರಲಿಲ್ಲ. ಭುಜ ಅಲುಗುವಂತೆ ಅತ್ತಳು. ಗೋಡೆಯಾಚೆಯ ಯಂತ್ರ ಕೊರೆಯುತ್ತಲೇ ಇತ್ತು.

“ಅವರು ಬದುಕಿದ್ದಾರೆ ಅನ್ನೋ ಸುದ್ದಿ ನಿಮ್ಮ ತಲೆಗೆ ಮುಟ್ಟಿದೆ, ಕಾಲಿಗೆ ಇನ್ನೂ ಮುಟ್ಟಿಲ್ಲ,” ಎಂದರು ಅವರು. “ಈ ವಾರ ಸ್ವಲ್ಪ ಜಾಸ್ತೀನೇ ಕಷ್ಟ ಅನ್ನಿಸಬಹುದು. ತಡೆಯೋಕೆ ಆಗದಿದ್ರೆ ಫೋನ್ ಮಾಡಿ.”

ಹೇಳಿದ ಹಾಗೇ ಆಯಿತು. ಕನಸು, ಬೆವರು, ಎಲ್ಲರ ಮೇಲೂ ಸಿಡಿಮಿಡಿ. ಹಳೆಯ ಗಾಯ ಕೆದಕಿಸಿಕೊಂಡು ಬಂದೆನಲ್ಲ, ಇನ್ನು ಸಾಕು ಎನ್ನಿಸಿತು. ಗಂಡ, “ಬಿಟ್ಬಿಡು, ಬೇಡಾಂದ್ರೆ,” ಅಂದ. ಯಾಕೋ ಆ ಮಾತಿಗೇ ಅವಳಿಗೆ ಹಟ ಬಂತು. “ಅರ್ಧ ದಾರೀಲಿ ಗಾಡಿಯಿಂದ ಇಳಿಯೋಕೆ ನಾನು ಯಾರಿಗೂ ಕಲಿಸಿಲ್ಲ ಕಣ್ರೀ,” ಎಂದು ಎದ್ದಳು.

ಅದೇ ಹೊತ್ತಿಗೆ ಬಂದಿದ್ದ ಪಕ್ಕದ ಮನೆಯಾಕೆ, “ವಾರವಾರ ಹಲ್ಲಿನ ಆಸ್ಪತ್ರೆಗೆ ಹೋಗ್ತೀರಂತೆ, ಪಾಪ, ಎಷ್ಟು ಹಲ್ಲು ಕೀಳಿಸಿದ್ರಿ?” ಎಂದು ವಿಚಾರಿಸಿದರು. ತಾಯಿ ಹಬ್ಬಿಸಿದ್ದ ಸುದ್ದಿ ಅದು. “ಹಲ್ಲಿಗಲ್ಲ, ಮನಸ್ಸಿಗೆ,” ಅಂದಳು ಬ್ರೇಕಕ್ಕ. ಪಕ್ಕದ ಮನೆಯಾಕೆ ಸುತ್ತಮುತ್ತ ನೋಡಿ, ದನಿ ತಗ್ಗಿಸಿ, “ನಂಬರ್ ಇದ್ರೆ ನನಗೂ ಕೊಡಿ,” ಅಂದರು.

ಮುಂದಿನದು ಥೆರಪಿಸ್ಟರು ಹೇಳಿಕೊಟ್ಟ, ಕೂಲಿಯಂಥ ಕೆಲಸ. ಮೊದಲು ಖಾಲಿ ಮೈದಾನ, ಆಮೇಲೆ ಮನೆ ಹಿಂದಿನ ಬೀದಿ, ಆಮೇಲೆ ಬಸ್ಸಿನ ರಸ್ತೆ. ಪ್ರತಿ ರಸ್ತೆಯಲ್ಲೂ ಗಂಡ ಸ್ಟೀರಿಂಗ್ ಹಿಡಿಯಬೇಕು, ಬ್ರೇಕಕ್ಕ ಪಕ್ಕದಲ್ಲಿ ಕಾಲು ಹಿಂದಕ್ಕೆಳೆದು ಕೂರಬೇಕು. ಭಯ ಏರಿದಾಗ ಓಡಬಾರದು, ಅದು ತಾನಾಗಿ ಇಳಿಯುವವರೆಗೆ ಉಸಿರು ಬಿಡುತ್ತ ಕಾಯಬೇಕು. ಕೆಲವು ದಿನ ಇಳಿಯಿತು. ಕೆಲವು ದಿನ ಅವಳೇ ಕಾರಿನಿಂದ ಇಳಿದು ನಡೆದು ಮನೆಗೆ ಬಂದಳು, ಮರುದಿನ ಮತ್ತೆ ಹೋದಳು. ಥೆರಪಿಸ್ಟರು ಶಹಭಾಸ್‌ಗಿರಿ ಕೊಡಲಿಲ್ಲ, ಗದರಲೂ ಇಲ್ಲ, “ಯಾವ ಜಾಗದಲ್ಲಿ ಇಳಿದ್ರಿ?” ಎಂದು ಕೇಳಿ ಅಲ್ಲಿಂದಲೇ ಮುಂದುವರಿಸಿದರು.

ಕೊನೆಗೊಂದು ಬೆಳಿಗ್ಗೆ ದರ್ಜಿಯನ್ನು ಕರೆದು, “ಮಾರ್ಕೆಟ್ ಕಡೆ ನಡಿಯಪ್ಪ,” ಅಂದಳು. ತಿರುವಿನಲ್ಲಿ ಜನ, ತಳ್ಳುಗಾಡಿ, ಅಡ್ಡ ನಿಂತ ಲಾರಿ. ಅವಳ ಎದೆ ನಗಾರಿಯಾಯಿತು. ಹೆಂಗಸೊಬ್ಬಳು ರಸ್ತೆಗಿಳಿದಳು. ದರ್ಜಿ ತಾನೇ ನೋಡಿದ, ತಾನೇ ನಿಧಾನಿಸಿದ, ಹೆಂಗಸು ದಾಟಿದ ಮೇಲೆ ಮುಂದೆ ಹೋದ. ಬ್ರೇಕಕ್ಕನ ಕಾಲು ಎದ್ದದ್ದು ನಿಜ. ಒತ್ತಲಿಲ್ಲ.

“ಸರಿ ಮಾಡಿದ್ನಾ ಅಕ್ಕ?”

“ಇಂಡಿಕೇಟರ್ ಹಾಕೋಕೆ ನಿಮ್ಮಪ್ಪ ಬರ್ತಾರಾ?” ಎಂದು ಬೈದಳು. ದರ್ಜಿಗೆ ಖುಷಿಯೋ ಖುಷಿ.

ಅವನು ಪಾಸಾದ. ಬ್ರೇಕಕ್ಕ ಈಗ ಎರಡು ವಾರಕ್ಕೊಮ್ಮೆ ಹೋಗುತ್ತಾಳೆ. ಕಾಲಿನ ಮಾತು ಮುಗಿಯುತ್ತ ಬಂದಂತೆ, ಸಣ್ಣ ವಯಸ್ಸಿನಿಂದ ಯಾರೆದುರೂ ಅಳದಿದ್ದದ್ದೇಕೆ ಎಂಬ ಬೇರೆ ಮಾತು ಶುರುವಾಗಿದೆ. ಅದಕ್ಕೆಷ್ಟು ದಿನ ಹಿಡಿಯುತ್ತದೋ ಗೊತ್ತಿಲ್ಲ ಎಂದು ಥೆರಪಿಸ್ಟರು ಹೇಳಿದ್ದಾರೆ. “ಹಿಡೀಲಿ,” ಎಂದು ಅವಳು ಉತ್ತರ ಕೊಟ್ಟಿದ್ದಾಳೆ.