ಗಿದ್ಯೋನ್ ಬಾಯಲ್ಲಿ ನಿಂತ ಮಾತು

ನಮ್ಮ ಜಿನೀವಾದ ಅಚ್ಚುಕೂಟಗಳಲ್ಲಿ ಅಕ್ಷರ ಜೋಡಿಸುವವರನ್ನು ಕೋತಿಗಳೆನ್ನುತ್ತಾರೆ, ಅಚ್ಚುಯಂತ್ರ ಎಳೆಯುವವರನ್ನು ಕರಡಿಗಳೆನ್ನುತ್ತಾರೆ. ಹಾಳೆ ಮಡಚಿ ಹೊಲಿಯುವ ನನ್ನಂಥ ಹೆಂಗಸರಿಗೆ ಹೆಸರಿಡುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಗಿದ್ಯೋನ್ ಕರಡಿ. ಓದು ಬಾರದು. ಅವನ ಬಿಡಾರಕ್ಕೂ ನನ್ನದಕ್ಕೂ ನಡುವೆ ಒಂದು ಹಲಗೆಗೋಡೆ, ಅಷ್ಟೇ.

ಅವನ ಒಬ್ಬಳೇ ಮಗಳು ರೋನ್ ನದಿಗೆ ಬಟ್ಟೆ ಒಗೆಯಲು ಹೋದವಳು ಹೆಣವಾಗಿ ಬಂದಳು. ಹೆಂಡತಿ ಪರ್ನೆತ್ ಹಾಸಿಗೆ ಹಿಡಿದಳು. ದಿನಾ ಸಂಜೆ ಅವಳದು ಅದೇ ಪ್ರಶ್ನೆ, ಯಾಕೆ ಹೀಗಾಯಿತು ಎಂದು. "ಆಗೋದೆಲ್ಲ ಒಳ್ಳೇದಕ್ಕೇ ಕಣೇ" ಎನ್ನುವನು ಗಿದ್ಯೋನ್. ಪಾದ್ರಿ ಹೇಳಿಕೊಟ್ಟ ಮಾತು. ನನಗೆ ಮೈ ಉರಿಯುತ್ತಿತ್ತು. ಆದರೆ ಅದನ್ನು ಕೇಳಿದ ಮೇಲೆಯೇ ಅವಳು ನಾಲ್ಕು ಗುಟುಕು ಸಾರು ಕುಡಿಯುತ್ತಿದ್ದದ್ದು. ಹಾಗಾಗಿ ಸುಮ್ಮನಿದ್ದೆ. ಅವನಿಗೂ ಅದು ಬಾಯಿಗಂಟಿ, ಹಾಳೆ ಹರಿದರೂ ಅದನ್ನೇ ಹೇಳುತ್ತಿದ್ದ.

ಆ ಚಳಿಗಾಲದಲ್ಲಿ ಬರೆದವನ ಹೆಸರಿಲ್ಲದ ಪುಟ್ಟ ಪುಸ್ತಕವೊಂದು ನಮ್ಮಲ್ಲಿ ಗುಟ್ಟಾಗಿ ಅಚ್ಚಾಯಿತು. ಅದರಲ್ಲೊಬ್ಬ ಮೇಷ್ಟ್ರು. ಮನೆ ಸುಟ್ಟರೆ ಚಳಿ ಕಾಯಿಸಿಕೊಳ್ಳಲು ಒಳ್ಳೆಯದಾಯಿತು ಎನ್ನುತ್ತಾನೆ, ಹಲ್ಲು ಉದುರಿದರೆ ಹಲ್ಲುನೋವು ತಪ್ಪಿತು ಎನ್ನುತ್ತಾನೆ. ಥಿಯೋಫಿಲ್ ಎಂಬ ಕೋತಿ ಅದನ್ನು ಊಟದ ಹೊತ್ತಿಗೆ ಗಟ್ಟಿಯಾಗಿ ಓದಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಲ್ಲರಿಗಿಂತ ಮೊದಲು ನಕ್ಕವನು ಗಿದ್ಯೋನ್.

"ಏನ್ ಮೇಷ್ಟ್ರೇ, ನಿಮ್ ಪಾಠಾನ ನೀವೇ ಅಚ್ಚು ಹಾಕ್ತಿದ್ದೀರಲ್ಲ?" ಎಂದ ಥಿಯೋಫಿಲ್.

ಗಿದ್ಯೋನ್ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ. ತನ್ನ ಮನೆಯ ಮಾತನ್ನು ನಾನೇ ಆ ಬರೆದವನಿಗೆ ಮುಟ್ಟಿಸಿದೆನೆಂದು ತಿಳಿದು ನನ್ನನ್ನು ದುರುಗುಟ್ಟಿ ನೋಡಿದ. ನನಗೆ ಅಯ್ಯೋ ಎನಿಸಿತು. ಇದು ನಿನ್ನ ಕಥೆಯಲ್ಲ ಮಾರಾಯ, ದೊಡ್ಡ ದೊಡ್ಡ ಪಂಡಿತರೆಲ್ಲ ಹೇಳುವ ಮಾತಿದು, ಅವರನ್ನೇ ಗೇಲಿ ಮಾಡಿದ್ದಾರೆ ಎಂದು ಬಿಡಿಸಿ ಹೇಳಿದೆ. ಅದರಿಂದ ಇನ್ನೂ ಕೆಟ್ಟಿತು.

"ಅವರ ಮಾತೇ ಸುಳ್ಳಾದ್ರೆ, ಪರ್ನೆತ್‌ಗೆ ನಾನೇನ್ ಹೇಳ್ಲಿ?" ಎಂದ.

ಅವನು ಎದ್ದು ಹೋಗಿ ಅದೇ ಪುಸ್ತಕದ ಉಳಿದ ಹಾಳೆಗಳನ್ನು ಅಚ್ಚು ಹಾಕಿದ.

ಸಂಜೆ ಪರ್ನೆತ್ ಎಂದಿನಂತೆ ಕೇಳಿದಳು. ಅವನು ಸಾರಿನ ಬಟ್ಟಲು ಹಿಡಿದು ಅವಳ ಪಕ್ಕ ಕೂತ. "ಗೊತ್ತಿಲ್ಲ ಕಣೇ" ಎಂದ.

"ನಾನೆಲ್ಲಿ ನಂಬಿದ್ದೆ?" ಎಂದಳು ಪರ್ನೆತ್. "ನೀನು ನಂಬ್ಕೊಂಡು ಹೇಗೋ ಬದುಕ್ತಿದ್ದೀಯಲ್ಲ ಅಂತ ಸಾರು ಕುಡೀತಿದ್ದೆ."

ಆಮೇಲೆ ಇಬ್ಬರೂ ಅತ್ತರು. ಮಗಳು ಹೋದ ಮೇಲೆ ಅವರು ಒಟ್ಟಿಗೆ ಅತ್ತದ್ದು ಅದೇ ಮೊದಲು.