ಹೊಲಿಗೆ ಸಾಲಿನ ಸುವರ್ಣಕ್ಕ

ಸುವರ್ಣಕ್ಕ ಕೈಯಲ್ಲೇ ಮಾತಾಡುತ್ತಿದ್ದರು. ಶಿಗ್ಗಾಂವಿಯ ನಮ್ಮ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಹೊಲಿಗೆ ಮಶೀನುಗಳೆಲ್ಲ ಒಟ್ಟಿಗೆ ಓಡುವಾಗ ಪಕ್ಕದವಳ ಮಾತೂ ಕೇಳುತ್ತಿರಲಿಲ್ಲ. ಉಳಿದ ಸೂಪರ್‌ವೈಸರುಗಳು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಸುವರ್ಣಕ್ಕ ಮಾತ್ರ ನಮ್ಮ ಸಾಲಿನ ತುದಿಯಲ್ಲಿ ಸುಮ್ಮನೆ ನಿಲ್ಲುತ್ತಿದ್ದರು. ಹೆಬ್ಬೆರಳಿನಿಂದ ಕಿರುಬೆರಳು ಮುಟ್ಟಿದರೆ ದಾರ ಸಡಿಲಾಗಿದೆ ಎಂದರ್ಥ. ಅಂಗೈಯನ್ನು ನಿಧಾನವಾಗಿ ಕೆಳಗಿಳಿಸಿದರೆ ಅವಸರ ಬೇಡ ಎಂದು. ಕಿವಿಯ ಓಲೆ ಹಿಡಿದು ಎಳೆದರೆ ಮ್ಯಾನೇಜರ್ ಬರುತ್ತಿದ್ದಾರೆ, ತಲೆ ಎತ್ತಬೇಡಿ ಎಂದು. ಹೊಸದಾಗಿ ಬಂದವರಿಗೆ ಹೊಲಿಗೆಗಿಂತ ಮೊದಲು ಈ ಭಾಷೆ ಬರುತ್ತಿತ್ತು.

ನನ್ನ ತಂಗಿಯ ಮದುವೆಗೆ ಬಂದಿದ್ದಾಗ ಊಟದ ಪಂಕ್ತಿಯ ಆ ತುದಿಯಿಂದ ನನ್ನತ್ತ ನೋಡಿ ಹೆಬ್ಬೆರಳಿನಿಂದ ಕಿರುಬೆರಳು ಮುಟ್ಟಿದರು. ಗಾಬರಿಯಾಗಿ ತಡವಿಕೊಂಡರೆ ನನ್ನ ಜಂಪರಿನ ತೋಳಿನ ಹೊಲಿಗೆ ಬಿಚ್ಚಿಕೊಳ್ಳುತ್ತಿತ್ತು. ನಮ್ಮವ್ವ ಆಮೇಲೆ ಕೇಳಿದ್ದಳು, “ಆ ಹೆಣಮಗಳು ಏನ ಮಂತ್ರಾ ಹಾಕಿದ್ಳು ನಿನಗ, ಅಷ್ಟ ದೂರದಿಂದ?”

ಸುವರ್ಣಕ್ಕನ ತವರುಮನೆ ಹಿರೇಕೆರೂರು ಕಡೆಯ ಮಾಸೂರು. ಕೊಟ್ಟ ಮನೆ ಸವಣೂರು. ಗಂಡ ವೀಳ್ಯದೆಲೆಯ ವ್ಯಾಪಾರಿ. ಮನೆಯ ಪಡಸಾಲೆಯಲ್ಲಿ ಕಾಲಿನಿಂದ ತುಳಿಯುವ ಮಶೀನು ಇಟ್ಟುಕೊಂಡು ಓಣಿಯವರ ಜಂಪರು ಹೊಲಿಯುತ್ತಿದ್ದ ಸುವರ್ಣಕ್ಕ, ಶಿಗ್ಗಾಂವಿಯಲ್ಲಿ ಫ್ಯಾಕ್ಟರಿ ಶುರುವಾದಾಗ ದಿನವೂ ಬಸ್ಸು ಹತ್ತಿ ಬರಲಾರಂಭಿಸಿದರು. ಕಾಲರು, ತೋಳು, ಕಿಸೆ ಎಲ್ಲವನ್ನೂ ಹೊಲಿದು ಕೊನೆಗೆ ಸೂಪರ್‌ವೈಸರ್ ಆದರು. ನಾನು ಸೇರಿದಾಗ ಅವರ ಸಾಲಿಗೇ ಬಿದ್ದೆ. ಮೊದಲ ದಿನ ಅವರು ನನಗೆ ಹೊಲಿಯಲು ಬಟ್ಟೆ ಕೊಡಲಿಲ್ಲ. ಕೆಟ್ಟುಹೋದ ಅಂಗಿಗಳ ಗಂಟೊಂದನ್ನು ಮುಂದಿಟ್ಟು, “ಇವನ್ನ ಬಿಚ್ಚು. ಬಟ್ಟಿ ಹರಿಬಾರದು. ಬಿಚ್ಚೂದು ಬಂದಾಕಿಗೆ ಹೊಲಿಯೂದು ತಾನ ಬರ್ತೈತಿ” ಎಂದರು. ನನಗೆ ಅಳು ಬಂದಿತ್ತು. ಹೊಲಿಯಲು ಬಂದವಳು ಬಿಚ್ಚುತ್ತ ಕೂತಿದ್ದೆನಲ್ಲ.

ನಾನು ಅಂಗಿಗೆ ಕಿಸೆ ಹಚ್ಚುವವಳಾದೆ. ನಾವು ನಾಲ್ವರಿದ್ದೆವು. ನನ್ನ ಪಕ್ಕದಲ್ಲಿ ಕೂಡುತ್ತಿದ್ದವಳು ಹಿರೇಬೆಂಡಿಗೇರಿಯ ಕಸ್ತೂರಿ. ಅವಳು ಹಚ್ಚಿದ ಕಿಸೆ ಅಂಗಿಯ ಮೇಲೆ ಹುಟ್ಟಿಬಂದಂತೆ ಕಾಣುತ್ತಿತ್ತು. ಸುವರ್ಣಕ್ಕ ಹೊಸಬರಿಗೆ ತೋರಿಸಬೇಕಾದಾಗಲೆಲ್ಲ ಕಸ್ತೂರಿಯ ಅಂಗಿಯನ್ನೇ ಎತ್ತಿ ಹಿಡಿಯುತ್ತಿದ್ದರು.

ಹೀಗಿರುವಾಗ ಪ್ರತಿ ಮಶೀನಿಗೂ ಒಂದೊಂದು ಟ್ಯಾಬ್ಲೆಟ್ ಬಂತು. ಬಟ್ಟೆಯ ಕಟ್ಟು ಕೈಗೆ ಬಂದಾಗ ಅದರ ಕಾರ್ಡನ್ನು ಟ್ಯಾಬ್ಲೆಟ್ಟಿಗೆ ತೋರಿಸಬೇಕು, ಮುಗಿದಾಗ ಇನ್ನೊಮ್ಮೆ ತೋರಿಸಬೇಕು. ಯಾರು ಎಷ್ಟು ಬೇಗ ಹೊಲಿದರು ಎಂಬುದನ್ನು ಅದೇ ಲೆಕ್ಕ ಹಾಕುತ್ತಿತ್ತು. ಪ್ರತಿಯೊಬ್ಬರ ತಲೆಯ ಮೇಲೊಂದು ದೀಪ. ಸರಿಯಾಗಿ ನಡೆದರೆ ಹಸಿರು, ಹಿಂದೆ ಬಿದ್ದರೆ ಕೆಂಪು. ಫ್ಯಾಕ್ಟರಿಯ ಕೊನೆಯ ಗೋಡೆಯ ಮೇಲಿನ ದೊಡ್ಡ ಟಿವಿಯಲ್ಲಿ ಎಲ್ಲರ ಹೆಸರೂ ಕಾಣುತ್ತಿತ್ತು. ಅದೇ ಲೆಕ್ಕ ಬೆಂಗಳೂರಿನ ಆಫೀಸಿಗೂ ಹೋಗುತ್ತಿತ್ತು. ಮೊದಲ ದಿನ ನಾವು ಟ್ಯಾಬ್ಲೆಟ್ಟುಗಳಿಗೆ ಕುಂಕುಮ ಹಚ್ಚಿದೆವು. ಎರಡನೆಯ ದಿನದಿಂದ ಅವುಗಳಿಗೆ ಹೆದರತೊಡಗಿದೆವು. ಕುತ್ತಿಗೆ ಎತ್ತಿ ಎತ್ತಿ ದೀಪ ನೋಡುವುದರಲ್ಲೇ ಹೊಲಿಗೆ ಸೊಟ್ಟಾಗುತ್ತಿತ್ತು.

ಸುವರ್ಣಕ್ಕನಿಗೂ ಅದು ಸೇರಲಿಲ್ಲ. ಎಷ್ಟೋ ದಿನ ಟಿವಿಗೆ ಬೆನ್ನು ಮಾಡಿಯೇ ನಿಲ್ಲುತ್ತಿದ್ದರು. “ನನ್ನ ಸಾಲಿನ ಸುದ್ದಿ ನನಗ ಗ್ವಾಡಿ ಹೇಳಬೇಕೇನು?” ಎನ್ನುತ್ತಿದ್ದರು.

ಬೇಸಿಗೆ ಶುರುವಾಗುವ ಹೊತ್ತಿಗೆ ಫಕ್ಕೀರವ್ವನ ದೀಪ ದಿನವೂ ಕೆಂಪಾಗತೊಡಗಿತು. ಫಕ್ಕೀರವ್ವ ತೋಳಿನ ಪಟ್ಟಿ ಹಚ್ಚುವವಳು, ಯಾರ ತಂಟೆಗೂ ಹೋಗದ ಹೆಣ್ಣುಮಗಳು. ಬೆಳಗಿನ ಹೊತ್ತು ಹಸಿರಿರುತ್ತಿತ್ತು. ಮಧ್ಯಾಹ್ನ ಚಹಾದ ಹೊತ್ತಿಗೆ ಕೆಂಪು. ಅವಳ ಹಿಂದೆ ಕೂತವರಿಗೂ ಬಟ್ಟೆ ತಡವಾಗಿ ಹೋಗುತ್ತಿತ್ತು. ಒಂದು ದಿನ ಚಹಾದ ಬಿಡುವಿನಲ್ಲಿ ಸುವರ್ಣಕ್ಕ ಅವಳನ್ನು ಎಲ್ಲರ ಎದುರಿಗೇ ಕೇಳಿಬಿಟ್ಟರು, “ಊಟಾ ಆದ ಮ್ಯಾಲ ನಿದ್ದಿ ಬರ್ತೈತೇನು ನಿನಗ?”

“ಇಲ್ರಿ ಅಕ್ಕಾರ. ಕೈ ಅದ ಐತಿ, ನಾನೂ ಆಕಿನ ಅದೇನಿ. ಮಧ್ಯಾನ್ಹ ಯಾಕ ಹಿಂಗ ಆಗತೈತೋ ನನಗ ಗೊತ್ತಿಲ್ರಿ” ಎಂದು ಫಕ್ಕೀರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಒಂದು ವಾರ ಕಳೆದ ಮೇಲೆ ಮ್ಯಾನೇಜರ್ ಸುವರ್ಣಕ್ಕನನ್ನು ಕರೆದು, ಬೆಂಗಳೂರಿನಿಂದ ಹೇಳಿದ್ದಾರೆ, ತಿಂಗಳು ಮುಗಿದ ಮೇಲೆ ಫಕ್ಕೀರವ್ವ ಬರುವುದು ಬೇಡ ಎಂದರು. ಅಕ್ಕ ಆಫೀಸಿನಿಂದ ಹೊರಬಂದವರು ಸಾಲಿಗೆ ಬರಲಿಲ್ಲ. ಟ್ಯಾಬ್ಲೆಟ್ಟುಗಳನ್ನು ನೋಡಿಕೊಳ್ಳುತ್ತಿದ್ದ ವಿನಾಯಕನ ಕೋಣೆಗೆ ಹೋದರು. ಹುಬ್ಬಳ್ಳಿ ಕಡೆಯ ಹೊಸ ಇಂಜಿನಿಯರ್ ಅವನು. ಮುರಿದ ಟ್ಯಾಬ್ಲೆಟ್ ಕೊಡಲು ನಾನೂ ಅಲ್ಲಿಗೆ ಹೋಗಿದ್ದೆ.

“ತಮ್ಮಾ, ಆ ಕುರ್ಚಿ ಮ್ಯಾಲ ಫಕ್ಕೀರವ್ವನಕಿಂತ ಮೊದಲ ಯಾರ ಕುಂತಿದ್ರು, ಅವರದು ಹೆಂಗ ನಡದಿತ್ತು ಅಂತ ನಿನ್ನ ಮಿಷನ್ನಿಗೆ ಗೊತ್ತೈತೇನು?”

ವಿನಾಯಕ ಲ್ಯಾಪ್‌ಟಾಪ್ ತೆರೆದ. “ಗೊತ್ತಿರತೈತ್ರಿ ಅಕ್ಕಾರ. ಆದ್ರ ನಾವು ಹೆಸರಿನ ಮ್ಯಾಲ ನೋಡತೇವಿ. ಜಾಗಾದ ಮ್ಯಾಲ ನೋಡ್ರಿ ಅಂತ ಇದುತನಕಾ ಯಾರೂ ಕೇಳಿಲ್ಲ.”

“ನಾ ಕೇಳಾಕತ್ತೇನಲ್ಲ. ನೋಡು.”

ಮರುದಿನ ಊಟದ ಬಿಡುವಿನಲ್ಲಿ ವಿನಾಯಕ ಲ್ಯಾಪ್‌ಟಾಪ್ ಎದೆಗವಚಿಕೊಂಡು ಓಡಿಬಂದ. ಆ ಜಾಗದಲ್ಲಿ ಮೊದಲು ಬೇರೆ ಇಬ್ಬರು ಕೂತಿದ್ದರಂತೆ. ಬೇರೆ ಕಡೆ ಕೂತಾಗ ಚುರುಕಾಗಿದ್ದ ಅವರಿಬ್ಬರೂ ಅಲ್ಲಿ ಮಾತ್ರ ಮಧ್ಯಾಹ್ನ ಹಿಂದೆ ಬಿದ್ದಿದ್ದರು. ಅದಕ್ಕಿಂತ ಹೆಚ್ಚಾಗಿ ಅವನಿಗೆ ಇನ್ನೊಂದು ಸಂಗತಿ ಸಿಕ್ಕಿತ್ತು. “ಹವಾಮಾನದ ಲೆಕ್ಕಾನೂ ಕೂಡಿಸಿ ನೋಡಿದೆ. ಮೋಡ ಇದ್ದ ದಿನ ಅಲ್ಲೆ ಯಾರಿಗೂ ಕೆಂಪು ಬಂದಿಲ್ರಿ” ಎಂದ. ಅಷ್ಟು ಉತ್ಸಾಹದಿಂದ ಅವನು ಮಾತಾಡಿದ್ದನ್ನು ನಾವು ಕಂಡಿರಲಿಲ್ಲ.

ಆ ಮಧ್ಯಾಹ್ನ ಸುವರ್ಣಕ್ಕ ಫಕ್ಕೀರವ್ವನನ್ನು ಎಬ್ಬಿಸಿ ತಾವೇ ಅವಳ ಕುರ್ಚಿಯಲ್ಲಿ ಕೂತರು. ಬೆಳಕಿಗೆಂದು ಛಾವಣಿಯಲ್ಲಿ ಅಲ್ಲಲ್ಲಿ ಪ್ಲಾಸ್ಟಿಕ್ ತಗಡು ಹಾಕಿದ್ದರು. ಹೊತ್ತು ಪಡುವಣಕ್ಕೆ ವಾಲಿದಂತೆ ಬಿಸಿಲಿನ ಕೋಲೊಂದು ಇಳಿದು ನೇರವಾಗಿ ಮಶೀನಿನ ಉಕ್ಕಿನ ತಟ್ಟೆಗೆ ಬಡಿಯಿತು. ಅಕ್ಕ ಕಣ್ಣು ಕಿರಿದು ಮಾಡಿದರು, ತಲೆ ಓರೆ ಮಾಡಿದರು. ಸೂಜಿಗೆ ದಾರ ಪೋಣಿಸಲು ಅವರಿಗೂ ಆಗಲಿಲ್ಲ.

ಮರುದಿನವೇ ಆ ತಗಡಿಗೆ ಬಿಳಿ ಬಣ್ಣ ಬಳಿದರು. ಮಧ್ಯಾಹ್ನ ಚಹಾದ ಹೊತ್ತಿಗೆ ನಾವೆಲ್ಲ ಫಕ್ಕೀರವ್ವನ ತಲೆಯ ಮೇಲೆಯೇ ಕಣ್ಣಿಟ್ಟಿದ್ದೆವು. ಹಸಿರು ಹಸಿರಾಗಿಯೇ ಉಳಿಯಿತು. ಮ್ಯಾನೇಜರ್ ತಾವೇ ಬೆಂಗಳೂರಿಗೆ ಫೋನ್ ಮಾಡಿ ವಿಷಯ ತಿಳಿಸಿದರು. ಸಂಜೆ ಮಶೀನುಗಳು ನಿಂತ ಮೇಲೆ ಸುವರ್ಣಕ್ಕ ಎಲ್ಲರಿಗೂ ಕೇಳುವಂತೆ ಹೇಳಿದರು, “ಫಕ್ಕೀರವ್ವಾ, ಎಲ್ಲಾರ ಮುಂದ ನಿನಗ ಅಂದಿದ್ದೆ. ಎಲ್ಲಾರ ಮುಂದನ ಹೇಳಾಕತ್ತೇನಿ, ನಂದು ತಪ್ಪಾತು.” ಫಕ್ಕೀರವ್ವ ತಲೆ ಬಗ್ಗಿಸಿ ಮಶೀನು ಒರೆಸತೊಡಗಿದಳು.

ಅಂದಿನಿಂದ ಅಕ್ಕ ಟಿವಿಗೆ ಬೆನ್ನು ಮಾಡುವುದನ್ನು ಬಿಟ್ಟರು. ದಿನಕ್ಕೊಂದು ಪ್ರಶ್ನೆ ಹಿಡಿದು ವಿನಾಯಕನ ಬೆನ್ನು ಹತ್ತುತ್ತಿದ್ದರು. ಯಾವ ಬಟ್ಟೆಗೆ ಸೂಜಿ ಹೆಚ್ಚು ಮುರಿಯುತ್ತದೆ, ಸೋಮವಾರ ಯಾಕೆ ಎಲ್ಲರೂ ನಿಧಾನ. ಹಲವು ಸಲ ಅವರ ಊಹೆ ತಪ್ಪಾಗುತ್ತಿತ್ತು. ಆಗ ನಕ್ಕು, “ಆತು ಬಿಡು, ಇದರಾಗ ನೀ ಗೆದ್ದಿ” ಎನ್ನುತ್ತಿದ್ದರು. ನಮಗೆ ಹೇಳುತ್ತಿದ್ದುದು ಒಂದೇ ಮಾತು: “ಇದು ಚಾಡಿ ಹೇಳೂ ಮಿಷನ್ ಅಲ್ಲವ್ವಾ, ಸಾಕ್ಷಿ ಹೇಳೂದು. ಸಾಕ್ಷಿಗೆ ಏನ ಕೇಳಬೇಕು ಅನ್ನೂದು ನಮಗ ಗೊತ್ತಿರಬೇಕು.”

ಆದರೆ ಮುಂದೆ ಬಂದ ಮಶೀನಿಗೆ ಕೇಳುವಂಥದ್ದು ಏನೂ ಇರಲಿಲ್ಲ. ಅದು ತಾನೇ ಕಿಸೆ ಹಚ್ಚುವ ಮಶೀನು. ಅಂಗಿಯ ತುಂಡನ್ನೂ ಕಿಸೆಯನ್ನೂ ಇಟ್ಟು ಗುಂಡಿ ಒತ್ತಿದರೆ ಸಾಕು, ಮಡಚಿ, ಒತ್ತಿ, ಹೊಲಿದು ಆಚೆ ದೂಡುತ್ತಿತ್ತು. ನಾವು ನಾಲ್ವರು ನಿಂತು ನೋಡಿದೆವು. ಕಸ್ತೂರಿ ಹೊಲಿಗೆಯ ಮೇಲೆ ಬೆರಳಾಡಿಸಿ, “ಚಲೋ ಹಚ್ಚೈತಿ” ಎಂದಳು. ಆಮೇಲೆ ತನ್ನ ಜಾಗಕ್ಕೆ ಹೋಗಿ ಕೂತಳು.

ಸುವರ್ಣಕ್ಕ ಮ್ಯಾನೇಜರ್ ಬಳಿ ಹೋದಾಗ ಅವರು ಬಾಗಿಲು ಹಾಕಿಕೊಳ್ಳಲಿಲ್ಲ, ಇದ್ದದ್ದನ್ನು ಹೇಳಿದರು. ಮೊದಲು ತಿಂಗಳುಗಟ್ಟಲೆ ಒಂದೇ ಬಗೆಯ ಅಂಗಿಯ ಆರ್ಡರ್ ಬರುತ್ತಿತ್ತು. ಈಗ ಯಾವ ಬಣ್ಣ, ಯಾವ ಕಾಲರು ಎಲ್ಲಿ ಮಾರಾಟವಾಯಿತು ಎಂಬ ಲೆಕ್ಕ ಅಂಗಡಿಗಳಿಂದ ದಿನದಿನವೂ ಬರುತ್ತದೆ. ಅದನ್ನು ನೋಡಿ ಸಣ್ಣ ಸಣ್ಣ ಆರ್ಡರ್ ಕೊಡುತ್ತಾರೆ, ಬೇಗ ಬೇಕೆನ್ನುತ್ತಾರೆ. ಈ ಮಶೀನು ಇಲ್ಲದಿದ್ದರೆ ಕೆಲಸವೇ ಬೇರೆ ಊರಿನ ಪಾಲು.

ಅಕ್ಕ ಹೊರಬಂದು ನಮ್ಮ ಬಳಿ ಕೂತರು. “ವಾರಕ್ಕೊಂದು ನಮೂನಿ ಅಂಗಿ ಬರೂದಾದ್ರ, ಒಂದ ಕೆಲಸಾ ಬರಾವ್ರು ಯಾರಿಗೂ ಬ್ಯಾಡಾಗ್ತಾರ. ನಾಕ ಕೆಲಸಾ ಬರಾವ್ರು ಬೇಕಾಗ್ತಾರ. ಈ ಆರ್ಡರ್ ಮುಗಿಯೂತನಕಾ ನಿಮ್ಮನ್ನ ಯಾರೂ ಕೆಲಸದಿಂದ ತಗೀಬಾರದು ಅಂತ ಕೇಳಿಕೊಂಡ ಬಂದೇನಿ. ಅಷ್ಟರಾಗ ಕಲೀಬೇಕು.”

ಊಟದ ಬಿಡುವು ನಮ್ಮ ಶಾಲೆಯಾಯಿತು. ರೊಟ್ಟಿ ತಿಂದು ಕೈತೊಳೆದ ಕೂಡಲೇ ಕೆಟ್ಟ ಅಂಗಿಗಳನ್ನು ಬಿಚ್ಚಿ ಮತ್ತೆ ಹೊಲಿಯುವುದು. ಕಾಲರು, ಭುಜ, ತೋಳು. ನಾವು ಮೂವರು ಹೇಗೋ ದಡ ಸೇರಿದೆವು. ಇಬ್ಬರು ಬೇರೆ ಕೆಲಸಕ್ಕೆ ಹೊಂದಿಕೊಂಡರು. ನನ್ನನ್ನು ಆ ಹೊಸ ಮಶೀನಿಗೇ ಹಾಕಿದರು. ಅದರ ಪರದೆಯ ಮೇಲೆ ಅಳತೆ ಬದಲಿಸುವುದು, ಅದು ಮುನಿಸಿಕೊಂಡಾಗ ಬಿಚ್ಚಿ ನೋಡುವುದು ಎಲ್ಲವನ್ನೂ ಕಲಿತೆ. ಮೊದಲ ದಿನ ಅಕ್ಕ ನನ್ನ ಹಿಂದೆ ಬಂದು ನಿಂತಿದ್ದರು.

ಕಸ್ತೂರಿ ಮಾತ್ರ ಎರಡು ದಿನ ಕಲಿತು ಬಿಟ್ಟಳು. ಮೂರನೆಯ ದಿನದಿಂದ ಕೆಲಸಕ್ಕೇ ಬರಲಿಲ್ಲ. ರವಿವಾರ ಸುವರ್ಣಕ್ಕ ನನ್ನನ್ನು ಕರೆದುಕೊಂಡು ಹಿರೇಬೆಂಡಿಗೇರಿಗೆ ಹೋದರು. ಕಸ್ತೂರಿ ಚಾಪೆ ಹಾಸಿ, ಚಹಾ ಕೊಟ್ಟು, ನಗುನಗುತ್ತಲೇ ಮಾತಾಡಿದಳು.

“ಅಕ್ಕಾರ, ಸಿಟ್ಟಿಲ್ರಿ ನನಗ. ಹೊಸಾ ಕೆಲಸಕ್ಕ ಕುಂತ್ರ ನನ್ನ ದೀಪ ಕೆಂಪ ಆಗತೈತಿ. ನನ್ನ ಕಿಸೆ ಎತ್ತಿ ಹೊಸಬರಿಗೆ ತೋರಸ್ತಿದ್ರಿ ನೀವು. ಈಗ ಅವರ ಮುಂದ ಕೆಂಪ ದೀಪದ ತೆಳಗ ಹೆಂಗ ಕುಂದ್ರಲಿ ಹೇಳ್ರಿ. ಹೊಲದಾಗ ಕೆಲಸಾ ಐತ್ರಿ ನನಗ.”

ಅಕ್ಕ ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. ಬಸ್ಸಿಗೆ ಕಾಯುತ್ತ ನಿಂತಾಗ ಅಕ್ಕ, “ಎಲ್ಲಾರನ್ನೂ ದಾಟಸಾಕ ಆಗಲಿಲ್ಲ ನೋಡ ಶೋಭಾ” ಎಂದರು. ಮರುದಿನ ವಿನಾಯಕನಿಗೆ ಹೇಳಿ, ಹೊಸ ಕೆಲಸ ಕಲಿಯುವವರ ದೀಪ ಒಂದಷ್ಟು ದಿನ ಉರಿಯದಂತೆ ಮಾಡಿಸಿದರು. ಕಸ್ತೂರಿಗೆ ಅದು ತಡವಾಗಿತ್ತು. ಆಮೇಲೆ ಬಂದವರಿಗೆ ತಡವಾಗಲಿಲ್ಲ.

ಕೊನೆಗೆ ಸರದಿ ಸುವರ್ಣಕ್ಕನದೇ ಬಂತು. ಯಾವ ಸಾಲಿನಲ್ಲಿ ಯಾರನ್ನು ಎಲ್ಲಿ ಕೂರಿಸಬೇಕು ಎಂಬುದನ್ನು ಕಂಪ್ಯೂಟರೇ ಹೇಳತೊಡಗಿದ ಮೇಲೆ ಎರಡು ಸಾಲಿಗೆ ಒಬ್ಬರೇ ಸೂಪರ್‌ವೈಸರ್ ಸಾಕಾಯಿತು. ಅಕ್ಕನಿಗೆ ಆಫೀಸಿನಲ್ಲಿ ಕುರ್ಚಿ ಕೊಡುತ್ತೇವೆಂದರು. ಅವರು ಒಲ್ಲೆನೆಂದು, ಹಿರೇಕೆರೂರಿನಲ್ಲಿ ನಮ್ಮ ಕಂಪನಿ ಆಗಷ್ಟೇ ತೆರೆಯುತ್ತಿದ್ದ ಚಿಕ್ಕ ಘಟಕಕ್ಕೆ ಕಲಿಸುವವರಾಗಿ ಹೋಗುತ್ತೇನೆಂದರು. ಅದು ತವರಿಗೆ ಹತ್ತಿರ; ಮಾಸೂರಿನಲ್ಲಿ ಅಣ್ಣನ ಮನೆಯ ಪಕ್ಕದಲ್ಲೇ ಗಂಡ ಹೆಂಡತಿ ಎರಡು ಕೋಣೆ ಕಟ್ಟಿಸಿಕೊಂಡಿದ್ದರು. “ಯಾರ ಎಲ್ಲೆ ಕುಂದ್ರಬೇಕು ಅಂತ ಅದು ಹೇಳಲಿ. ಕುಂದ್ರಾಕ ಧೈರ್ಯಾ ಯಾರ ಹೇಳಬೇಕು?” ಎಂದು ನಗುತ್ತಲೇ ಹೊರಟರು. ನಮ್ಮಲ್ಲಿ ಯಾರೂ ನಗಲಿಲ್ಲ.

ವರ್ಷ ಕಳೆದ ಮೇಲೆ ನನ್ನನ್ನು ಹಿರೇಕೆರೂರಿಗೆ ಕಳಿಸಿದರು. ಅಲ್ಲಿಗೂ ಕಿಸೆ ಮಶೀನು ಬಂದಿತ್ತು, ಒಂದು ವಾರವಿದ್ದು ನಡೆಸುವುದನ್ನು ತೋರಿಸಿಕೊಡಬೇಕಿತ್ತು. ಹಿಂದೆ ಗೋವಿನಜೋಳ ತುಂಬುತ್ತಿದ್ದ ಗೋದಾಮು ಅದು, ಒಳಗೆ ಇನ್ನೂ ಜೋಳದ ವಾಸನೆ. ಸುತ್ತಲಿನ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು ದಾರವಿಲ್ಲದ ಸೂಜಿಯಿಂದ ಕಾಗದದ ಗೆರೆಯ ಮೇಲೆ ಹೊಲಿಯುವುದನ್ನು ಕಲಿಯುತ್ತಿದ್ದರು. ಅಕ್ಕ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಅವರು ನನಗಾಗಿ ಎದ್ದದ್ದು ಅದೇ ಮೊದಲು.

ವಾರದ ಕೊನೆಯ ದಿನ, ಮಶೀನು ಒಂದರ ಹಿಂದೊಂದು ಕಿಸೆ ಹಚ್ಚುವುದನ್ನು ನೋಡುತ್ತಿದ್ದ ಮಾಸೂರಿನ ಹೆಣ್ಣುಮಗಳೊಬ್ಬಳು ಕೇಳಿದಳು, “ಹೊಲದಾಗ ಕಳೆ ತಗಿಯೂದ ಬಿಟ್ಟ ಬಂದೇವ್ರಿ. ಎಲ್ಲಾ ಇದ ಮಾಡೂದಾದ್ರ ನಾವ್ಯಾಕ ಬೇಕ್ರಿ?”

ನಾನು ಸುವರ್ಣಕ್ಕನ ಮುಖ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು.

ನಾನೇ ಹೇಳಬೇಕಾಯಿತು. “ನಾನೂ ಕೈಲೆ ಕಿಸೆ ಹಚ್ಚಾಕಿನ ಇದ್ದೆನವ್ವಾ. ಇದು ಬಂದಾಗ ನನಗೂ ನಿದ್ದಿ ಬಂದಿರಲಿಲ್ಲ. ನಾಳೆ ಇನ್ನೂ ಏನೇನ ಬರತೈತೋ ನನಗ ಗೊತ್ತಿಲ್ಲ, ಸುಳ್ಳ ಹೇಳಂಗಿಲ್ಲ. ಒಂದ ಕೆಲಸಾ ಹಿಡಕೊಂಡ ಕುಂದ್ರಬ್ಯಾಡ್ರಿ. ನಾ ನಿಮಗ ಇದನ್ನೂ ಕಲಸ್ತೇನಿ, ಕಾಲರೂ ಕಲಸ್ತೇನಿ, ತೋಳೂ ಕಲಸ್ತೇನಿ. ಬಾ, ಈ ಗುಂಡಿ ಒತ್ತು.” ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು ಮುಂದೆ ಬಂದಳು.

ಸಂಜೆ ಬಸ್ ನಿಲ್ದಾಣದಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡು, “ಸೋಮವಾರದಿಂದ ನಾ ಬರಂಗಿಲ್ಲ. ಮೊಣಕಾಲು ಒಲ್ಲೆ ಅಂತೈತಿ. ನನ್ನ ಜಾಗಾಕ್ಕ ನಿನ್ನ ಹೆಸರು ಹೇಳೇನಿ. ಒಲ್ಲೆ ಅಂದ್ರ ಈಗ ಹೇಳು” ಎಂದರು.

“ನನಗ ಮೊದಲ ಯಾಕ ಹೇಳಲಿಲ್ರಿ ಅಕ್ಕಾರ?”

“ಮೊದಲ ಹೇಳಿದ್ರ ಹೆದರತಿದ್ದಿ. ನೀ ಅವರಿಗೆ ಏನ ಹೇಳ್ತಿ ಅಂತ ಕೇಳಬೇಕಿತ್ತು ನನಗ. ಕೇಳಿದೆ.”

ಮಾಸೂರಿನ ಬಸ್ಸು ಬಂತು. ಅಕ್ಕ ಕಂಬಿ ಹಿಡಿದು ನಿಧಾನವಾಗಿ ಹತ್ತಿದರು. ಆಮೇಲೆ ನಾನು ಅವರನ್ನು ಇನ್ನೂ ನೋಡಿಲ್ಲ. ಮಾಸೂರಿಗೆ ಹೋಗಬೇಕು, ಮದಗದ ಕೆರೆಯ ಪಕ್ಕದ ಆ ಎರಡು ಕೋಣೆಯ ಮನೆ ನೋಡಬೇಕು ಅಂದುಕೊಳ್ಳುತ್ತಲೇ ಇದ್ದೇನೆ. ಹೊಸಬರು ಬರುತ್ತಲೇ ಇದ್ದಾರೆ, ಬಿಡುವಾಗಿಲ್ಲ.

ಆ ಸೋಮವಾರ ನಾನು ಗೋದಾಮಿನ ಬಾಗಿಲಿಗೆ ಬಂದಾಗ ಮಾಸೂರಿನ ಆ ಹೆಣ್ಣುಮಗಳು ಎಲ್ಲರಿಗಿಂತ ಮೊದಲು ಬಂದು ನಿಂತಿದ್ದಳು. “ಇವತ್ತ ಯಾವುದು ಕಲಸ್ತೀರಿ?” ಎಂದು ಕೇಳಿದಳು.

“ಕಾಲರು” ಎಂದೆ, ಬಾಗಿಲು ತೆರೆದೆ.